ಮೊಲದ ಕಥೆ ಯಾರ ಮಕ್ಕಳಿಗೆ?

ಬಡವರ ಮಕ್ಕಳಿಗೆ ನಾಲ್ಕು ಅಕ್ಷರ ಬಂದರೆ ಸಾಕು, ಕಥೆ ಕಾದಂಬರಿ ಏತಕ್ಕೆ? ಹೀಗೆನ್ನತಕ್ಕ ಮಹನೀಯರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಸಹಿ ಮಾಡಲು ಬಂದರಾಯಿತು, ಬಸ್ಸಿನ ಬೋರ್ಡು ಓದಲು ಬಂದರಾಯಿತು, ಅಂಗಡಿಯ ಚೀಟಿ ಬರೆಯಲು ಬಂದರಾಯಿತು ಎಂಬುದು ಅವರ ವಾದ. ಇದೇ ಮಹನೀಯರ ಮನೆಗಳಿಗೆ ಹೋಗಿ ನೋಡಿರಿ. ಅವರ ಮಕ್ಕಳ ತಲೆದಿಂಬಿನ ಪಕ್ಕದಲ್ಲಿ ಬಣ್ಣದ ಚಿತ್ರಗಳ ಕಥೆಪುಸ್ತಕವಿರುತ್ತದೆ. ಅದರಲ್ಲಿ ಮೊಲವೊಂದು ಕಿಸೆಯಿಂದ ಗಡಿಯಾರ ತೆಗೆದು ನೋಡಿ, ಹೊತ್ತಾಯಿತೆಂದು ಬಿಲದೊಳಕ್ಕೆ ಓಡುತ್ತದೆ. ಅವರ ಮಕ್ಕಳಿಗೆ ಮೊಲದ ಕಥೆ, ನಮ್ಮ ಮಕ್ಕಳಿಗೆ ಕಾಗುಣಿತದ ಗಾಣ! ಈ ಭೇದ ಏತಕ್ಕೆಂದು ನಾವು ಕೇಳುತ್ತೇವೆ.

ನಾವು ಶಾಲೆಯಲ್ಲಿ ಪಾಠ ಹೇಳಿದವರು. ಗಾಣ ಹೇಗೆ ತಿರುಗುತ್ತದೆಂಬುದನ್ನು ಬಲ್ಲೆವು. ಇಡೀ ವರ್ಗ ಒಂದೇ ದನಿಯಲ್ಲಿ ಕ ಕಾ ಕಿ ಕೀ ಹಾಡುತ್ತದೆ. ನಡುವೆ ತಡೆದು, "ಇದು ಯಾವ ಅಕ್ಷರ?" ಎಂದು 'ಕೌ' ತೋರಿಸಿದರೆ ಹುಡುಗ ಮೊದಲಿನಿಂದ ಹಾಡುತ್ತ ಬಂದು ಅಲ್ಲಿ ನಿಲ್ಲುತ್ತಾನೆ. ಅವನಿಗೆ ಹಾಡು ಬಂದಿದೆ, ಅಕ್ಷರ ಬಂದಿಲ್ಲ. ತಪ್ಪು ಹುಡುಗನದಲ್ಲ. ಅಕ್ಷರಗಳನ್ನು ಕೂಡಿಸಿದರೆ ಏನು ಸಿಕ್ಕುತ್ತದೆಂಬುದನ್ನು ಅವನಿಗೆ ಯಾರೂ ತೋರಿಸಿಲ್ಲ. 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 48.8 ಮಾತ್ರ. ಐದು ವರ್ಷ ಪಾಟಿಚೀಲ ಹೊತ್ತವರಲ್ಲಿ ಅರ್ಧಕ್ಕರ್ಧ ಮಂದಿಗೆ ಓದು ದಕ್ಕಿಲ್ಲವೆಂದಾಯಿತು. ಅವರು ಯಾರ ಮಕ್ಕಳು? ಗಿರಣಿಯವರ, ಕೂಲಿಯವರ, ಸಂತೆಯಲ್ಲಿ ತಟ್ಟು ಹಾಸಿ ಕೂಡ್ರುವವರ ಮಕ್ಕಳೇ ಅವರಲ್ಲಿ ಹೆಚ್ಚೆಂದು ಬೇರೆ ಹೇಳಬೇಕೆ?

ಆ ಮೊಲದ ಕಥೆಯನ್ನು ಬರೆದಾತ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬ ಉಪಾಧ್ಯಾಯ. ಲೂಯಿ ಕ್ಯಾರಲ್ ಎಂಬುದು ಆತನ ಬರಹದ ಹೆಸರು. ಆಲಿಸ್ ಎಂಬ ಹುಡುಗಿ ಮೊಲದ ಬೆನ್ನಟ್ಟಿ ಪಾತಾಳಕ್ಕಿಳಿಯುವ ಈ ಪುಸ್ತಕ 1865ರಲ್ಲಿ ಹೊರಬಂದಿತು. ಅಂದಿನ ಇಂಗ್ಲೆಂಡಿನ ಮಕ್ಕಳಿಗೆ ನೀತಿಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಆಲಿಸ್ ದುಡಿಯುವ ಜೇನುಹುಳದ ಪದ್ಯ ಒಪ್ಪಿಸಲು ಹೊರಟರೆ ಬಾಯಿಂದ ಬರುವುದು ಮೊಸಳೆಯ ಪದ್ಯ! ಗಿಳಿಪಾಠವನ್ನು ಇಷ್ಟು ಸೊಗಸಾಗಿ ಅಣಕಿಸಿದ ಪುಸ್ತಕ ಇನ್ನೊಂದಿರಲಾರದು. ಇದನ್ನು ಕನ್ನಡದ ಮಕ್ಕಳಿಗೆ 'ಪಾತಾಳದಲ್ಲಿ ಪಾಪಚ್ಚಿ' ಎಂದು ತಂದುಕೊಟ್ಟವರು 'ಅನರ್ಥಕೋಶ' ಬರೆದ ನಾ. ಕಸ್ತೂರಿಯವರು. ಅಂದಮೇಲೆ ಕನ್ನಡದಲ್ಲಿ ಇಂಥದಿಲ್ಲ ಎಂಬ ನೆಪ ನಡೆಯದು. ಇದೆ, ಆದರೆ ಹಳ್ಳಿಯ ಶಾಲೆಯ ಕಪಾಟಿನಲ್ಲಿ ಅದನ್ನು ಕಂಡವರೆಷ್ಟು ಜನ?

"ಸುಳ್ಳು ಕಥೆಯಿಂದ ಹೊಟ್ಟೆ ತುಂಬುತ್ತದೆಯೆ?" ಎನ್ನುವವರಿಗೆ ಕಥೆಯ ಕೊನೆಯ ಭಾಗವನ್ನು ಹೇಳುತ್ತೇವೆ. ರಾಜನ ಕಚೇರಿಯಲ್ಲಿ ವಿಚಾರಣೆ ನಡೆದಿದೆ. ರಾಣಿಗೆ ತೀರ್ಪಿಗಿಂತ ಮುಂಚೆ ಶಿಕ್ಷೆಯಾಗಬೇಕು. ಆಲಿಸ್ ಎತ್ತರ ಬೆಳೆದುದನ್ನು ಕಂಡು ರಾಜನು, ಒಂದು ಮೈಲಿಗಿಂತ ಎತ್ತರದವರು ಕಚೇರಿ ಬಿಡಬೇಕೆಂಬ ನಲವತ್ತೆರಡನೆಯ ನಿಯಮವನ್ನು ತನ್ನ ವಹಿಯಿಂದ ಓದುತ್ತಾನೆ. ಅದನ್ನು ನೀನು ಈಗಲೇ ಹುಟ್ಟಿಸಿದ್ದೀಯೆಂದು ಹುಡುಗಿ ಹೇಳುತ್ತಾಳೆ. ಎಲ್ಲಕ್ಕೂ ಹಳೆಯ ನಿಯಮವಿದು ಎಂದು ರಾಜ ಸಾಧಿಸುತ್ತಾನೆ. ಹಾಗಾದರೆ ಅದರ ನಂಬರು ಒಂದಾಗಬೇಕಿತ್ತಲ್ಲ ಎನ್ನುತ್ತಾಳೆ ಹುಡುಗಿ. ರಾಜನ ಮುಖ ಬಿಳಿಚಿಕೊಳ್ಳುತ್ತದೆ, ವಹಿ ಮುಚ್ಚಿಕೊಳ್ಳುತ್ತದೆ.

ಕಾರ್ಮಿಕ ಬಂಧುಗಳೇ, ಈ ರಾಜ ನಿಮಗೆ ಹೊಸಬನೆ? ಕೆಲಸದ ಸ್ಥಾಯಿ ನಿಯಮಗಳನ್ನು ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಬಾಗಿಲ ಬಳಿ ಹಚ್ಚಬೇಕೆಂದು 1946ರಲ್ಲಿಯೇ ಕಾಯದೆಯಾಯಿತು. ಹಚ್ಚಿದ ಹಾಳೆಯನ್ನು ಓದಲಾರದವನಿಗೆ ಅದರಿಂದೇನು ಫಲ? ಓದಿಯೂ ಪ್ರಶ್ನೆ ಕೇಳಲಾರದವನಿಗೆ ಏನು ಫಲ? ವ್ಯಾಪಾರಿ ಬಂಧುಗಳೇ, ತೆರಿಗೆಯ ನೋಟೀಸು, ಸಾಲದ ಪತ್ರದ ಸಣ್ಣಕ್ಷರ ನಿಮ್ಮ ಕೈಗೂ ಬರುತ್ತವೆ. ಅಕ್ಷರ ಬಲ್ಲವನು ಅದಕ್ಕೆ ಸಹಿ ಹಾಕಿಯಾನು. ಕಥೆ ಓದಿ ಬಲಿತವನು, ಈ ನಿಯಮ ಎಲ್ಲಿಯದು, ಇದರ ನಂಬರು ಎಷ್ಟು ಎಂದು ಕೇಳಿಯಾನು. ಬಡವರ ಮಕ್ಕಳಿಗೆ ಅಕ್ಷರ ಸಾಕೆನ್ನುವವರ ಅಂಜಿಕೆಯೂ ಇದೇ.

ಪರದೇಶದ ಮೊಲ ನಮಗೇಕೆಂದು ಕೆಲವರು ಕೇಳಬಹುದು. ನಮ್ಮ ಸೀಮೆಯನ್ನೇ ನೋಡಿರಿ. ಬಾಳೆಹೊಸೂರ ನಿಂತಿರುವುದು ಲಕ್ಷ್ಮೇಶ್ವರದ, ಅಂದರೆ ಹಳೆಯ ಪುಲಿಗೆರೆಯ ಸೀಮೆಯಲ್ಲಿ. ಕನ್ನಡದ ತಿರುಳು ಇರುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದೆಂದು 9ನೆಯ ಶತಮಾನದ ಕವಿರಾಜಮಾರ್ಗ ಎಣಿಸಿತು. ನರಿ ಎತ್ತುಗಳನ್ನು ಮಾತನಾಡಿಸುವ ಪಂಚತಂತ್ರವನ್ನು 11ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹ ರೋಣ ತಾಲೂಕಿನ ಸವಡಿಯವನು. ಹತ್ತಿರದ ಶಿಶುನಾಳದ ಶರೀಫರು ಕೆಲಕಾಲ ಶಾಲೆಯ ಮಾಸ್ತರರೂ ಆಗಿದ್ದವರು. ಅವರ ಪದದಲ್ಲಿ ಕೋಳಿಯೊಂದು ಕೋಡಗವನ್ನೇ ನುಂಗಿಬಿಡುತ್ತದೆ! ಭಜನೆಯಲ್ಲಿ ಅದನ್ನು ಹಾಡಿ ತಲೆದೂಗುವ ಜನ, ಮೊಲ ಮಾತನಾಡಿದರೆ ಮಕ್ಕಳು ಕೆಡುತ್ತಾರೆಂದರೆ ನಗು ಬರುತ್ತದೆ.

ನಮ್ಮ ಪಕ್ಷದ ಗೆಳೆಯರಲ್ಲಿಯೂ ಕೆಲವರಿಗೆ ಸಂಶಯವಿದೆ. ಮಕ್ಕಳಿಗೆ ದುಡಿಮೆಯ ನಿಜ ಹೇಳಿರಿ, ಮಾಯದ ಕಥೆ ಬೇಡವೆನ್ನುತ್ತಾರೆ. ಈ ಜಗಳ ರಷ್ಯದಲ್ಲಿ ಹಿಂದೆಯೇ ಆಗಿಹೋಗಿದೆ. 1928ರಲ್ಲಿ ಲೆನಿನ್ನರ ಪತ್ನಿ ಕ್ರುಪ್ಸ್ಕಾಯಾ ಅವರೇ 'ಪ್ರಾವ್ದಾ'ದಲ್ಲಿ ಚುಕೋವ್ಸ್ಕಿಯ 'ಮೊಸಳೆ' ಎಂಬ ಮಕ್ಕಳ ಪದ್ಯಕಥೆಯನ್ನು ಖಂಡಿಸಿ ಬರೆದರು. ಗೋರ್ಕಿ ಚುಕೋವ್ಸ್ಕಿಯ ಪಕ್ಷ ಹಿಡಿದರು. ಕೊನೆಗೆ ಮಕ್ಕಳು ಮೊಸಳೆಯನ್ನು ಬಿಡಲಿಲ್ಲ. ದುಡಿಮೆಯ ನಿಜವನ್ನು ನಮ್ಮ ಮಕ್ಕಳು ಹೊಲದಲ್ಲಿ, ಮನೆಯಲ್ಲಿ ದಿನವೂ ಕಾಣುತ್ತಾರೆ. ಇರುವುದಕ್ಕಿಂತ ಬೇರೆಯಾದ ಲೋಕವೊಂದು ಇರಬಹುದೆಂದು ಅವರಿಗೆ ಹೇಳಿಕೊಡುವವರಾರು?

ಇನ್ನು ಕಲಿಸುವ ಬಗೆ. ದಿನಕ್ಕೆ ಅರ್ಧ ಗಂಟೆ ಮಾಸ್ತರರು ಗಟ್ಟಿಯಾಗಿ ಕಥೆ ಓದಲಿ. ಕೇಳಿದ್ದನ್ನು ಮಕ್ಕಳು ತಮ್ಮ ಮಾತಿನಲ್ಲಿ ಹೇಳಲಿ. ಅವರು ಹೇಳಿದ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆಯಲಿ. ವಾಕ್ಯದಿಂದ ಶಬ್ದ, ಶಬ್ದದಿಂದ ಅಕ್ಷರ ಬಿಡಿಸಲಿ. ಮೊಲ ಎಂದು ಓದಲು ಹಂಬಲಿಸುವ ಮಗು ಮೊ ಕಾರವನ್ನು ಎಂದೂ ಮರೆಯದು. ಕಾಗುಣಿತ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಕಥೆಯ ಹಿಂದೆ ಬರಲಿ. ಬರವಣಿಗೆಗೂ ಕಥೆಯೇ ದಾರಿ. ಪಾಪಚ್ಚಿ ನಮ್ಮೂರ ಹಗೇವಿನೊಳಗೆ ಬಿದ್ದಿದ್ದರೆ ಏನೇನು ಕಾಣುತ್ತಿದ್ದಳೆಂದು ಬರೆಯಿರೆಂದರೆ, ನಾಲ್ಕು ಸಾಲು ಬರೆಯಲು ಅಳುವ ಹುಡುಗ ಒಂದು ಪುಟ ತುಂಬಿಸುತ್ತಾನೆ. ಮೂಲದಲ್ಲಿ ಹನ್ನೆರಡು ಅಧ್ಯಾಯಗಳಿವೆ. ಒಂದೊಂದಕ್ಕೆ ಎರಡು ವಾರ ಹಿಡಿದರೂ ಆರು ತಿಂಗಳೊಳಗೆ ಮುಗಿಯುತ್ತದೆ.

ಹಣವೆಲ್ಲಿ ಎನ್ನುತ್ತೀರಾ? ಹಣವನ್ನು ನೀವು ಆಗಲೇ ಕಟ್ಟಿದ್ದೀರಿ! 1965ರ ಗ್ರಂಥಾಲಯ ಕಾಯದೆಯ ಮೇರೆಗೆ ಮನೆ, ಅಂಗಡಿಗಳ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಪಾವತಿಯನ್ನು ತೆಗೆದು ನೋಡಿರಿ. ಹೀಗೆ ಕೂಡಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ಸಲ್ಲಿಸದೆ ಬಾಕಿ ಉಳಿಸಿಕೊಳ್ಳುತ್ತವೆಂಬ ದೂರು ರಾಜ್ಯದಲ್ಲಿ ಹಳೆಯದು. 2020ರಲ್ಲಿ 'ಓದುವ ಬೆಳಕು' ಎಂದು ಹೆಸರಿಟ್ಟು ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯದು. ಆದರೆ ಸದಸ್ಯತ್ವದ ಚೀಟಿಯನ್ನು ಓದಲಾಗುವುದಿಲ್ಲ, ಪುಸ್ತಕ ಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಬಾಳೆಹೊಸೂರ ಮೊದಲ್ಗೊಂಡು ಪ್ರತಿ ಪಂಚಾಯತಿ, ಪ್ರತಿ ನಗರಸಭೆ ಗ್ರಂಥಾಲಯ ಕರದ ಜಮಾಖರ್ಚನ್ನು ಬಾಗಿಲಿಗೆ ಹಚ್ಚಬೇಕು. ಆ ಹಣದಿಂದ ಪ್ರತಿ ಶಾಲೆಗೆ ಒಂದೇ ಕಥೆಪುಸ್ತಕದ ಇಪ್ಪತ್ತು ಪ್ರತಿಗಳಾದರೂ ಬರಬೇಕು. ಕಪಾಟಿನಲ್ಲಿ ಬೀಗ ಹಾಕಿದ ಒಂದು ಪ್ರತಿಯಿಂದ ಇಡೀ ವರ್ಗ ಓದಲಾರದು. ದಿನದ ಅರ್ಧ ಗಂಟೆ ಕಥೆಗೇ ಮೀಸಲಾಗಬೇಕು. ಮಕ್ಕಳ ತಟ್ಟೆಗೆ ಬಿಸಿಯೂಟ ಬಂತು, ಲೋಟಕ್ಕೆ ಹಾಲು ಬಂತು. ಅವೂ ಒಂದು ಕಾಲಕ್ಕೆ ಆಗದ ಮಾತೆನಿಸಿದ್ದವು. 1905ರಲ್ಲಿ ಕಣಗಿನಹಾಳದ ರೈತರು ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದ ಜಿಲ್ಲೆಯಿದು. ಮಕ್ಕಳಿಗೆ ಇಪ್ಪತ್ತು ಪುಸ್ತಕ ಕೂಡಿಸಲು ನಮ್ಮಿಂದಾಗದೆ? ಮುಂದಿನ ಗ್ರಾಮಸಭೆಗೆ ತೆರಿಗೆಯ ಪಾವತಿಯನ್ನು ಕಿಸೆಯಲ್ಲಿಟ್ಟುಕೊಂಡು ಬನ್ನಿರಿ, ಲೆಕ್ಕ ಕೇಳಿರಿ. ಬೇರೆ ನಿಯಮವಿದೆಯೆಂದು ಯಾರಾದರೂ ವಹಿ ತೆರೆದರೆ ಅದರ ನಂಬರನ್ನೂ ಕೇಳಿರಿ.