ಪ್ರಶಸ್ತಿಯಿಲ್ಲದ ರೀಲಿಗೂ ಜಾಗ ಬೇಕು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇಂದು ನೋಡಲು ಸಿಗುವುದಿಲ್ಲ. ಪ್ರತಿಯೇ ಉಳಿದಿಲ್ಲ. 1931ರ ‘ಆಲಂ ಆರಾ’ದ ಗತಿಯೂ ಅದೇ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ. ಅಷ್ಟರಲ್ಲಿ ಮೂಕಿ ಚಿತ್ರಗಳ ಬಹುಪಾಲು ನಾಶವಾಗಿತ್ತು. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಒಳ್ಳೆಯದು, ಕೆಟ್ಟದ್ದು ಎಂದು ಸೋಸುತ್ತ ಕೂರಲಿಲ್ಲ, ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರು. ಅವರ ಹಟವೇ ಸರಿ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲದ ಬಲವಿತ್ತು, ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೂ ಹೋಯಿತು. ಸಂತೋಷವೇ. ಆದರೆ ಟೆಂಟುಗಳಲ್ಲಿ ಜನ ಮುಗಿಬಿದ್ದು ನೋಡಿದ ಪತ್ತೇದಾರಿ, ಹಾಸ್ಯ ಚಿತ್ರಗಳಿಗೆ ಯಾರ ಶಿಫಾರಸು? ಅಂದಿನ ಬೀದಿ, ಉಡುಗೆ, ಆಡುಮಾತು ಅವುಗಳಲ್ಲೂ ಇವೆ. ಪುನರುಜ್ಜೀವನ ದುಬಾರಿ, ಅಲ್ಲಿ ಆಯ್ಕೆ ಅನಿವಾರ್ಯ. ನೆಗೆಟಿವನ್ನು ತಂಪು ಕೊಠಡಿಯಲ್ಲಿಡುವುದಕ್ಕೂ ತೀರ್ಪುಗಾರರ ಸಮಿತಿ ಯಾಕೆ?