ಹೈಸ್ಕೂಲ್ ಮಕ್ಕಳಿಗೂ ಒಂದು ಕೆಲಸ ಬಿಟ್ಟುಕೊಡಲಿ ಸಂಘಗಳು

ಜೂನ್ ತಿಂಗಳು ಬಂತೆಂದರೆ ಮುಂಬಯಿ ಮಹಾನಗರ ಮತ್ತು ಉಪನಗರಗಳ ಕನ್ನಡ ಸಂಘಗಳಿಗೆ, ಸಮಾಜ ಸಂಸ್ಥೆಗಳ ಸ್ಥಳೀಯ ಸಮಿತಿಗಳಿಗೆ ಬಿಡುವೇ ಇರುವುದಿಲ್ಲ. ಉಚಿತ ನೋಟ್ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ, ಹತ್ತು ಮತ್ತು ಹನ್ನೆರಡನೇ ತರಗತಿಯ ಪ್ರತಿಭಾವಂತರಿಗೆ ಪುರಸ್ಕಾರ ಹೀಗೆ ಒಂದರ ಹಿಂದೆ ಒಂದು ಕಾರ್ಯಕ್ರಮ. ದಹಿಸರ್ ಪರಿಸರವೂ ಇದಕ್ಕೆ ಹೊರತಲ್ಲ. ರಾವಲ್ಪಾಡ, ಆನಂದನಗರ, ಕೇತಕಿಪಾಡ, ಅಶೋಕವನದಿಂದ ಹಿಡಿದು ರೈಲು ಹಳಿಯ ಆಚೆಗಿನ ಕಾಂದರ್ಪಾಡದ ತನಕ ನೆಲೆಸಿರುವ ತುಳು-ಕನ್ನಡಿಗರು ರವಿವಾರ ಸಂಜೆ ಸಭಾಗೃಹದಲ್ಲಿ ಸೇರುತ್ತಾರೆ. ದೀಪ ಬೆಳಗುತ್ತದೆ, ಪ್ರಾರ್ಥನೆಯಾಗುತ್ತದೆ, ಗಣ್ಯರಿಗೆ ಶಾಲು ಹೊದಿಸಿ ಪುಷ್ಪಗುಚ್ಛ ನೀಡಲಾಗುತ್ತದೆ. ಮಕ್ಕಳು ಸಾಲಾಗಿ ವೇದಿಕೆಗೆ ಬಂದು, ಪುಸ್ತಕ ಪಡೆದು, ನಮಸ್ಕರಿಸಿ, ಫೋಟೋಕ್ಕೆ ನಿಂತು ಕೆಳಗಿಳಿಯುತ್ತಾರೆ. ಬಳಿಕ ಭೋಜನ.

ಇದೆಲ್ಲ ಶ್ಲಾಘನೀಯ ಕಾರ್ಯವೇ. ಈ ಪುಸ್ತಕ, ಈ ವಿದ್ಯಾರ್ಥಿವೇತನದಿಂದಲೇ ಓದು ಮುಂದುವರಿಸಿದ ಮನೆಗಳು ಅನೇಕ. ಆದರೆ ಇಡೀ ಕಾರ್ಯಕ್ರಮದಲ್ಲಿ ಹದಿನಾಲ್ಕು-ಹದಿನೈದರ ಹುಡುಗ ಹುಡುಗಿಯರಿಗೆ ಇರುವ ಪಾತ್ರ ಒಂದೇ: ಕೈ ನೀಡಿ ಪಡೆಯುವುದು. ಹೆಚ್ಚೆಂದರೆ ಒಂದು ಸಮೂಹ ನೃತ್ಯ, ಒಂದು ಪ್ರಾರ್ಥನೆ. ಅದೇ ಮಕ್ಕಳು ಹತ್ತು ವರ್ಷಗಳ ಬಳಿಕ ಸಂಘದತ್ತ ತಲೆ ಹಾಕುತ್ತಿಲ್ಲ ಎಂದು ವಾರ್ಷಿಕ ಮಹಾಸಭೆಯಲ್ಲಿ ಹಿರಿಯರು ಬೇಸರ ವ್ಯಕ್ತಪಡಿಸುತ್ತಾರೆ. ಸಂಘದಲ್ಲಿ ತಾನು ಮಾಡಬೇಕಾದ ಕೆಲಸವೊಂದಿದೆ ಎಂದು ಎಂದೂ ಅನ್ನಿಸದವನು ಅಲ್ಲಿಗೆ ಬರುವುದಾದರೂ ಏತಕ್ಕೆ? ಅನೇಕ ಕಡೆ ಯುವ ವಿಭಾಗವೆಂದರೆ ಮೂವತ್ತೈದು, ನಲುವತ್ತು ದಾಟಿದವರ ಬಳಗ. ಹೈಸ್ಕೂಲಿನ ಮಗುವಿಗೆ ಅಲ್ಲಿ ಜಾಗವೇ ಇಲ್ಲ.

ಆದುದರಿಂದ ಪ್ರತಿಯೊಂದು ಸಂಘವೂ ವರ್ಷಕ್ಕೆ ಒಂದು ಸಮಾಜ ಸೇವಾ ಕಾರ್ಯವನ್ನು ಪೂರ್ತಿಯಾಗಿ ಹೈಸ್ಕೂಲ್ ಮತ್ತು ಜೂನಿಯರ್ ಕಾಲೇಜಿನ ಮಕ್ಕಳ ಕೈಗೆ ಒಪ್ಪಿಸಬೇಕು. ಯಾವ ಕೆಲಸವೆಂದು ಆರಿಸುವುದು, ಅದಕ್ಕೆ ಬೇಕಾದ ಹಣವನ್ನು ಖರ್ಚು ಮಾಡುವುದು, ಕೊನೆಗೆ ಮಹಾಸಭೆಯ ಮುಂದೆ ಲೆಕ್ಕ ಒಪ್ಪಿಸುವುದು, ಎಲ್ಲವೂ ಅವರದೇ ಆಗಬೇಕು. ಹಿರಿಯರು ಬೆನ್ನಿಗೆ ನಿಂತರೆ ಸಾಕು.

ರಾತ್ರಿಶಾಲೆಯ ನೆನಪು

ಇದು ಮುಂಬಯಿ ಕನ್ನಡಿಗರಿಗೆ ಹೊಸ ಮಾತೇನಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ, ಮಾಹಿಮ್‌ನ ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಊರು ಬಿಟ್ಟು ಬಂದವರಿಗೆ ಆಶ್ರಯವಾಗಿ ಬೆಳೆದ ಈ ಸಂಸ್ಥೆಗಳ ಕಾಲದಲ್ಲೇ ಕನ್ನಡದ ರಾತ್ರಿಶಾಲೆಗಳೂ ನಡೆದವು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ಕ್ಯಾಂಟೀನಿನಲ್ಲಿ ಚಹಾ ಹಂಚಿ, ಸಂಜೆ ಪಾಟಿ-ಪುಸ್ತಕ ಹಿಡಿದು ಆ ಶಾಲೆಗಳಿಗೆ ಹೋದ ಹುಡುಗರ ಕತೆ ಸಂಘಗಳ ಸಭೆಗಳಲ್ಲಿ ಇಂದಿಗೂ ಹೆಮ್ಮೆಯಿಂದ ಕೇಳಿಬರುತ್ತದೆ. ಊರಿನ ತಾಯಿಗೆ ಮನಿಯಾರ್ಡರ್ ಕಳುಹಿಸಿ, ತಮ್ಮನನ್ನು ಕರೆಸಿಕೊಂಡು, ಅವನಿಗೂ ಕೆಲಸ ಹುಡುಕಿಕೊಟ್ಟದ್ದು ಅದೇ ವಯಸ್ಸಿನ ಹುಡುಗರು.

ಆ ಕಷ್ಟ ಇಂದಿನ ಮಕ್ಕಳಿಗೆ ಬರುವುದು ಬೇಡ. ಹದಿನಾಲ್ಕು ತುಂಬದವರನ್ನು ದುಡಿಮೆಗೆ ಹಚ್ಚುವುದು ಇಂದು ಅಪರಾಧ, ಅದು ನ್ಯಾಯವೂ ಹೌದು. ಆದರೆ ಹದಿನೈದರಲ್ಲಿ ಮನೆಯ ಭಾರ ಹೊತ್ತು, ಮುಂದೆ ಹೋಟೆಲ್ ನಡೆಸಿ, ಸಂಘದ ಪದಾಧಿಕಾರಿಗಳಾದ ಹಿರಿಯರೇ ಇಂದು ಹದಿನೈದರ ಮೊಮ್ಮಗನಿಗೆ ಹತ್ತು ಸಾವಿರ ರೂಪಾಯಿಯ ಒಂದು ಕೆಲಸ ವಹಿಸಲು ಹಿಂಜರಿಯುತ್ತಾರೆ. ‘ಅವನು ಇನ್ನೂ ಸಣ್ಣವ’ ಎನ್ನುತ್ತಾರೆ. ಅವರ ಆ ವಯಸ್ಸಿನ ದಿನಗಳನ್ನು ಅವರೇ ಒಮ್ಮೆ ನೆನೆದರೆ ಸಾಕು.

ತಾಸುಗಳ ಲೆಕ್ಕ ಸಾಲದು

ವಿದ್ಯಾರ್ಥಿಗಳಿಂದ ಸಮಾಜ ಸೇವೆ ಎಂಬುದಕ್ಕೆ ಸರಕಾರಿ ವ್ಯವಸ್ಥೆಯೂ ಇದೆ. ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಮುಂದೆ ಅದು ಹನ್ನೊಂದು, ಹನ್ನೆರಡನೇ ತರಗತಿಗಳಿಗೂ ಬಂತು. ಸ್ವಯಂಸೇವಕ ವಿದ್ಯಾರ್ಥಿ ವರ್ಷಕ್ಕೆ 120 ತಾಸು ಸೇವೆ ಸಲ್ಲಿಸಬೇಕು. ಶಾಲೆಗಳಲ್ಲಿ ಸ್ಕೌಟ್ಸ್-ಗೈಡ್ಸ್ ಇದೆ, ಹರಿತ ಸೇನೆ ಇದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯವಂತೂ 1992ರಲ್ಲಿ, ಹೈಸ್ಕೂಲ್ ಮುಗಿಸಬೇಕಾದರೆ ಸೇವೆಯೂ ಕಡ್ಡಾಯ ಎಂಬ ನಿಯಮವನ್ನು ಆ ದೇಶದಲ್ಲೇ ಮೊದಲಿಗೆ ತಂದಿತು. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಸರಕಾರಿ ಹೈಸ್ಕೂಲಿನಲ್ಲಿ ಓದುವುದಾದರೆ ಈ ಸೇವೆಯನ್ನು ಪೂರೈಸಲೇಬೇಕು.

ಇವೆಲ್ಲದರಿಂದ ಉಪಯೋಗವಿದೆ. ಆದರೆ ತಾಸಿನ ಲೆಕ್ಕ ಬಂದಲ್ಲಿ ಸರ್ಟಿಫಿಕೇಟಿನ ಆಸೆಯೂ ಬರುತ್ತದೆ. ಒಂದು ಗಿಡ ನೆಟ್ಟು, ಎಂಟು ಮಂದಿ ಅದನ್ನು ಹಿಡಿದು ಫೋಟೋ ತೆಗೆದರೆ ಎಂಟೂ ಮಂದಿಗೆ ತಾಸು ಸಿಗುತ್ತದೆ. ಆ ಗಿಡಕ್ಕೆ ಮರುದಿನ ನೀರು ಹಾಕುವವರು ಯಾರೆಂದು ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತು ದುಡಿದರು ಎಂಬುದಕ್ಕಿಂತ, ನಿರ್ಧಾರ ಯಾರದಾಗಿತ್ತು ಎಂಬುದೇ ಮುಖ್ಯ.

ಇದಕ್ಕೆ ಒಳ್ಳೆಯ ಉದಾಹರಣೆ ಮುಂಬಯಿಯ ಬಹುತೇಕ ಕನ್ನಡಿಗರ ಊರಿನ ಬಳಿಯೇ ಇದೆ. ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯತ್ ಹುಟ್ಟಿಕೊಂಡಿತು. ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಮತ್ತು ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಅದರ ಬೆನ್ನಿಗಿದ್ದವು. ಮಕ್ಕಳೇ ಮತ ಹಾಕಿ ತಮ್ಮ ಸದಸ್ಯರನ್ನು ಆರಿಸಿದರು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕವಿಲ್ಲ, ಪುಟ್ಟ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಬೇರೆ ವ್ಯವಸ್ಥೆಯಿಲ್ಲದೆ ಹೆಣ್ಣುಮಕ್ಕಳ ಶಾಲೆ ತಪ್ಪುತ್ತಿದೆ ಎಂಬಂತಹ ವಿಷಯಗಳನ್ನು ಹಿರಿಯರ ಪಂಚಾಯತ್ ಮುಂದೆ ಇಟ್ಟರು. ಮುಂದೆ ರಾಜ್ಯ ಸರಕಾರವೇ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು. ದಿನಾ ತೋಡು ದಾಟುವ ಮಗುವಿಗೆ ಕಾಲುಸಂಕದ ಅಗತ್ಯ ಎಲ್ಲರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಕೆರಾಡಿ ಕಲಿಸುವ ಪಾಠ ಇದೇ.

ದಹಿಸರ್‌ನಲ್ಲಿ ಕೆಲಸವೇನು ಕಡಿಮೆ?

ದಹಿಸರ್‌ನ ಮಕ್ಕಳಿಗೆ ತಿಳಿದಿರುವ ಕಷ್ಟಗಳೂ ಅನೇಕ. ಮೊದಲನೆಯದು ನದಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ತುಳಸಿ ಕೆರೆಯ ಬಳಿ ಹುಟ್ಟಿ, ಬೊರಿವಲಿ, ದಹಿಸರ್ ಮೂಲಕ ಸುಮಾರು 12 ಕಿಲೋಮೀಟರ್ ಹರಿದು ಮನೋರಿ ಖಾಡಿ ಸೇರುವ ದಹಿಸರ್ ನದಿ, ಉದ್ಯಾನ ದಾಟಿದ ಮೇಲೆ ಕೊಳಕು ಹೊರುವ ನಾಲೆಯಂತಾಗಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಈ ನದಿಯೂ ಉಕ್ಕಿ ದಡದ ಮನೆಗಳಿಗೆ ನುಗ್ಗಿತ್ತು. ಇಂದಿನ ಹೈಸ್ಕೂಲ್ ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ.

ಆ ಮಕ್ಕಳು ಪರಿಸರದ ಹಿರಿಯರ ಮನೆಗಳಿಗೆ ಹೋಗಿ, ಅಂದು ನೀರು ಎಲ್ಲಿಯ ತನಕ ಏರಿತ್ತು ಎಂದು ಕೇಳಿ ಬರೆದುಕೊಳ್ಳಲಿ. ತಗ್ಗು ಪ್ರದೇಶದ ನೆಲಮಾಳಿಗೆಗಳಲ್ಲಿ ಹಾಸಿಗೆ ಹಿಡಿದವರು, ಒಂಟಿಯಾಗಿರುವವರು ಯಾರಿದ್ದಾರೆ, ಮಳೆ ಹೆಚ್ಚಾದರೆ ಅವರನ್ನು ಯಾರು ಮೇಲಿನ ಮಹಡಿಗೆ ಕರೆದೊಯ್ಯಬೇಕು ಎಂಬ ಪಟ್ಟಿಯನ್ನು ಮೇ ತಿಂಗಳೊಳಗೆ ಸಿದ್ಧಪಡಿಸಲಿ. ನದಿಗಿಳಿದು ಕಸ ಎತ್ತುವುದು ಮಕ್ಕಳ ಕೆಲಸವಲ್ಲ. ಕೊಳಕು ನೀರಿನಿಂದ ಲೆಪ್ಟೋಸ್ಪೈರೋಸಿಸ್‌ನಂತಹ ಜ್ವರ ತಗಲುವ ಅಪಾಯವಿದೆ. ಆದರೆ ಇಂತಹ ಪಟ್ಟಿಯೊಂದು ಮುಂದಿನ ಮಳೆಗಾಲದಲ್ಲಿ ಯಾವುದೋ ಒಂದು ಜೀವ ಉಳಿಸಬಲ್ಲುದು.

ಎರಡನೆಯದು ಪಿಂಚಣಿದಾರರ ಕೆಲಸ. ಪ್ರತಿ ನವೆಂಬರ್‌ನಲ್ಲಿ ನಿವೃತ್ತರು ಜೀವಂತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಾರೆ. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಈಗ ಮೊಬೈಲಿನಲ್ಲಿ ಮುಖ ತೋರಿಸಿ ಮನೆಯಲ್ಲೇ ಅದನ್ನು ಮುಗಿಸಬಹುದು. ಅಜ್ಜನಿಗೆ ಬೆಟ್ಟದಂತೆ ಕಾಣುವ ಈ ಕೆಲಸ ಒಂಬತ್ತನೇ ತರಗತಿಯ ಹುಡುಗಿಗೆ ಕೆಲವೇ ನಿಮಿಷಗಳದು. ಮನೆಯವರೊಬ್ಬರು ಪಕ್ಕದಲ್ಲಿರಬೇಕು, ಮೊಬೈಲಿಗೆ ಬರುವ ಓಟಿಪಿಯನ್ನು ಹಿರಿಯರೇ ನೋಡಿ ಹಾಕಬೇಕು, ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ಕೇಳಲೇಬಾರದು. ಈ ಮೂರು ನಿಯಮಗಳನ್ನು ಮಕ್ಕಳಿಗೆ ಮೊದಲೇ ಕಲಿಸಿದರಾಯಿತು.

ಮೂರನೆಯದು ಪಠ್ಯಪುಸ್ತಕ ಭಂಡಾರ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿಯ ತನಕ ಪಠ್ಯಪುಸ್ತಕ ಉಚಿತ. ಒಂಬತ್ತು, ಹತ್ತಕ್ಕೆ ಬಂದಾಗ ಹೆತ್ತವರೇ ಖರೀದಿಸಬೇಕು, ಜತೆಗೆ ಗೈಡು, ಟ್ಯೂಷನ್ನಿನ ಖರ್ಚು ಬೇರೆ. ಏಪ್ರಿಲ್‌ನಲ್ಲಿ ರದ್ದಿಯವನ ತಕ್ಕಡಿಗೆ ಹೋಗುವ ಪುಸ್ತಕಗಳನ್ನು ಸಂಗ್ರಹಿಸಿ, ಬೋರ್ಡು ಮತ್ತು ಮಾಧ್ಯಮದ ಪ್ರಕಾರ ಬೇರ್ಪಡಿಸಿ, ಜೂನ್‌ನಲ್ಲಿ ಬೇಕಾದವರಿಗೆ ತಲುಪಿಸುವುದು ಮಕ್ಕಳೇ ಅಚ್ಚುಕಟ್ಟಾಗಿ ಮಾಡಬಲ್ಲ ಕೆಲಸ. ಯಾವ ವಿಷಯದ ಪಠ್ಯ ಬದಲಾಗಿದೆ, ಯಾವುದು ಇನ್ನೂ ನಡೆಯುತ್ತದೆ ಎಂಬುದು ಸಂಘದ ಕಾರ್ಯದರ್ಶಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ನಾಲ್ಕನೆಯದು ಸ್ವಲ್ಪ ಮುಜುಗರ ತರಬಹುದು. ಪ್ಲಾಸ್ಟಿಕ್ ತಟ್ಟೆ, ಲೋಟಗಳ ಮೇಲೆ ಮಹಾರಾಷ್ಟ್ರ ಸರಕಾರ 2018ರಲ್ಲೇ ನಿಷೇಧ ಹೇರಿದೆ. ಸಂಘದ ವಾರ್ಷಿಕೋತ್ಸವದ ಭೋಜನದ ಬಳಿಕ ಎಷ್ಟು ಚೀಲ ಕಸ ಉಳಿಯಿತು, ಎಷ್ಟು ಅನ್ನ ಚೆಲ್ಲಿತು, ಎಷ್ಟು ಬ್ಯಾನರ್ ಮೂಲೆ ಸೇರಿತು ಎಂದು ಮಕ್ಕಳೇ ಲೆಕ್ಕ ತೆಗೆದು ಮಹಾಸಭೆಯಲ್ಲಿ ಓದಲಿ. ಅದನ್ನು ಕೇಳಿಸಿಕೊಳ್ಳುವ ದೊಡ್ಡ ಮನಸ್ಸು ಪದಾಧಿಕಾರಿಗಳಿಗೆ ಇರಬೇಕು. ಹಿರಿಯರಿಗೆ ಇಷ್ಟವಾಗುವ ಕೆಲಸವನ್ನಷ್ಟೇ ಮಕ್ಕಳು ಆರಿಸಬೇಕೆಂದರೆ ನಾಯಕತ್ವ ಕೊಟ್ಟಂತಾಗದು.

ಹೆತ್ತವರ ಆತಂಕ

ಹೆತ್ತವರ ಮೊದಲ ಪ್ರಶ್ನೆ ಹತ್ತನೇ ತರಗತಿಯ ಪರೀಕ್ಷೆ. ಅದು ನ್ಯಾಯವಾದ ಪ್ರಶ್ನೆ. ಲೋಕಲ್ ರೈಲು ಹಿಡಿದು ದುಡಿದು ಬರುವ ಹೆತ್ತವರಿಗೆ ಮಗುವಿನ ಅಂಕಪಟ್ಟಿಯೇ ಆಸ್ತಿ. ಹಾಗಾಗಿ ಎಂಟು, ಒಂಬತ್ತನೇ ತರಗತಿಯವರು ಮತ್ತು ಹತ್ತರ ಪರೀಕ್ಷೆ ಮುಗಿಸಿದವರು ಮುಂದೆ ನಿಲ್ಲಲಿ. ಹತ್ತರಲ್ಲಿರುವವರಿಗೆ ಆ ವರ್ಷ ವಿನಾಯಿತಿ ಇರಲಿ. ವಾರಕ್ಕೆ ಎರಡು ತಾಸಿನಿಂದ ಯಾರ ಓದೂ ಕೆಡದು. ನಾಲ್ಕು ಜನರೆದುರು ಮಾತನಾಡಲು, ಒಂದು ಅರ್ಜಿ ಬರೆಯಲು ಕಲಿತ ಮಗುವಿಗೆ ಮುಂದೆ ಅದು ಓದಿನಲ್ಲೂ ನೆರವಾಗುತ್ತದೆ.

ಎರಡನೆಯ ಆತಂಕ ಸುರಕ್ಷತೆಯದು, ಅದರಲ್ಲೂ ಹೆಣ್ಣುಮಕ್ಕಳದು. ಯಾವ ಮನೆಗೂ ಒಬ್ಬರೇ ಹೋಗಬಾರದು, ಮಹಿಳಾ ವಿಭಾಗದ ಒಬ್ಬರು ಜತೆಗಿರಬೇಕು, ಕತ್ತಲಾಗುವ ಮುನ್ನ ಮನೆ ಸೇರಬೇಕು. ಇದರಲ್ಲಿ ರಿಯಾಯಿತಿ ಸಲ್ಲದು.

ಮೂರನೆಯದು ಹಣ. ನೋಂದಾಯಿತ ಸಂಘದ ಲೆಕ್ಕಪತ್ರಕ್ಕೆ ಪದಾಧಿಕಾರಿಗಳೇ ಜವಾಬ್ದಾರರು. ಚೆಕ್ಕಿಗೆ ಅವರೇ ಸಹಿ ಹಾಕಬೇಕು. ಆದರೆ ಹತ್ತು ಸಾವಿರದ ಮಿತಿಯೊಳಗೆ ಏನು ಕೊಳ್ಳಬೇಕು, ಎಲ್ಲಿ ಅಗ್ಗ ಎಂಬ ನಿರ್ಧಾರ ಮಕ್ಕಳದಾಗಲು ಅಡ್ಡಿಯಿಲ್ಲ. ಪ್ರತಿ ರೂಪಾಯಿಗೂ ರಶೀದಿ ಇಡಲು ಕೋಶಾಧಿಕಾರಿಗಳು ಕಲಿಸಲಿ. ಮೊದಲ ವರ್ಷ ಮಕ್ಕಳು ಎಡವುವುದು ಖಂಡಿತ. ಐವತ್ತು ಪುಸ್ತಕ ಕೇಳಿದಲ್ಲಿ ಇಪ್ಪತ್ತೇ ಬರಬಹುದು, ಕರೆದ ಸಭೆಗೆ ನಾಲ್ವರೇ ಸೇರಬಹುದು. ಆಗ ‘ಇದಕ್ಕೇ ಹೇಳಿದ್ದು’ ಎಂದು ಕೆಲಸ ಕಿತ್ತುಕೊಂಡರೆ ಎಲ್ಲವೂ ಅಲ್ಲಿಗೇ ಮುಗಿಯಿತು. ಹಿರಿಯರು ಕರೆದ ಎಷ್ಟೋ ಸಭೆಗಳಿಗೂ ಕೋರಂ ಸಿಗುವುದಿಲ್ಲ ಎಂಬುದು ಸದಸ್ಯರಿಗೆ ತಿಳಿಯದ ಸಂಗತಿಯೇನಲ್ಲ.

ಭಾಷೆಯೂ ಉಳಿಯಲಿ

ಕೊನೆಯದಾಗಿ ಭಾಷೆಯ ಮಾತು. ನಗರದ ಕನ್ನಡ ಮಾಧ್ಯಮ ಶಾಲೆಗಳು ಮಕ್ಕಳಿಲ್ಲದೆ ಸೊರಗಿವೆ. ಇಂದಿನ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ-ಮರಾಠಿ, ಮನೆಯಲ್ಲಿ ಅಲ್ಪಸ್ವಲ್ಪ ತುಳು ಅಥವಾ ಕನ್ನಡ ಮಾತನಾಡುತ್ತಾರೆ. ಕನ್ನಡ ಕಲಿಸುವ ತರಗತಿಗಳನ್ನು ಅನೇಕ ಸಂಘಗಳು ಶ್ರದ್ಧೆಯಿಂದ ನಡೆಸುತ್ತಿವೆ, ಅವು ನಡೆಯುತ್ತಲೇ ಇರಲಿ. ಆದರೆ ಭಾಷೆ ನಾಲಗೆಗೆ ಹತ್ತುವುದು ಅದರಿಂದ ಕೆಲಸವೊಂದು ಆಗಬೇಕಾದಾಗ. ‘ಅಜ್ಜೀ, ಆ ದಿನ ನೀರು ಎಷ್ಟು ಮೆಟ್ಟಿಲು ಹತ್ತಿತ್ತು?’ ಎಂದು ಕೇಳಬೇಕಾದ ಹುಡುಗ ಕನ್ನಡವನ್ನೋ ತುಳುವನ್ನೋ ಹುಡುಕಿಕೊಳ್ಳುತ್ತಾನೆ. ಅಜ್ಜಿಯೂ ಬಾಗಿಲು ತೆರೆದು, ಚಹಾ ಇಟ್ಟು, ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಊರಿನ ಹೆಸರು, ಮನೆತನ, ಮೊದಲು ಇಳಿದ ಸ್ಟೇಷನ್, ಮೊದಲ ಕೋಣೆ ಎಲ್ಲವೂ ಮಾತಿಗೆ ಬರುತ್ತವೆ.

ದಹಿಸರ್ ಪರಿಸರದ ಸಂಘಗಳು ಬರುವ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನೊಂದು ವಿಷಯವಾಗಿ ಸೇರಿಸಲಿ. ಹತ್ತು-ಹನ್ನೆರಡು ಮಕ್ಕಳು, ಇಬ್ಬರು ಹಿರಿಯ ಮಾರ್ಗದರ್ಶಕರು, ಒಂದು ಸಣ್ಣ ಮೊತ್ತ, ಮಹಾಸಭೆಯಲ್ಲಿ ಹತ್ತು ನಿಮಿಷದ ವರದಿ. ಇಷ್ಟಕ್ಕೆ ಭಾರೀ ದಾನಿಗಳು ಬೇಕಿಲ್ಲ, ಸಭಾಗೃಹದ ಬಾಡಿಗೆಯೂ ಇಲ್ಲ. ಮುಂದಿನ ಜೂನ್‌ನಲ್ಲಿ ಪುಸ್ತಕ ವಿತರಣೆಯಾಗುವಾಗ ಮೇಜಿನ ಆಚೆ ಬದಿಯಲ್ಲಿ, ಪಟ್ಟಿ ಹಿಡಿದು ಹೆಸರು ಕರೆಯುವ ಜಾಗದಲ್ಲಿ ಕೆಲವು ಮಕ್ಕಳು ನಿಂತಿರಲಿ. ಹತ್ತು ವರ್ಷ ಕಳೆದ ಬಳಿಕ ಸಂಘಕ್ಕೆ ಬರುವಂತೆ ಅವರಿಗೆ ಬೇರೆಯಾಗಿ ಹೇಳಿಕಳುಹಿಸುವ ಅಗತ್ಯ ಬೀಳಲಾರದು.