ಮೀಟರು ಅಳೆಯಲಿ, ಆದರೆ ಮೊದಲು ನೀರು ಬರಲಿ

ಮನೆಮನೆಗೆ ನೀರಿನ ಮೀಟರು ಕಡ್ಡಾಯವಾಗಬೇಕೇ? ಆಗಬೇಕು ಎಂಬುದೇ ನಮ್ಮ ಅಭಿಪ್ರಾಯ. ಮೀಟರಿಲ್ಲದೆಡೆ ಕೊಳವೆಯಿಂದ ಕಾರು ತೊಳೆಯುವವನೂ ನಾಲ್ಕು ಕೊಡ ತುಂಬುವವಳೂ ತೆರುವುದು ಒಂದೇ ಶುಲ್ಕ. ಇದನ್ನು ನ್ಯಾಯವೆನ್ನಲಾದೀತೇ?

ಆದರೆ ಮೀಟರಿನೊಂದಿಗೆ ನೀರೂ ಬರಬೇಕು. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಿಗೆ ಮೀಟರಿನೊಂದಿಗೆ ದಿನದ 24 ಗಂಟೆಯೂ ನೀರು ಹರಿಯಿತು. ಉಳಿದ ವಾರ್ಡುಗಳು ವರ್ಷಗಟ್ಟಲೆ ಕಾದವು. 2015ರಲ್ಲಿ ದೆಹಲಿ ಸರಕಾರವು ಮೀಟರುಳ್ಳ ಮನೆಗಳಿಗೆ ತಿಂಗಳಿಗೆ 20,000 ಲೀಟರು ಉಚಿತವೆಂದು ಸಾರಿದಾಗ, ನಲ್ಲಿಯೇ ಇಲ್ಲದೆ ಟ್ಯಾಂಕರು ಕಾಯುವವರಿಗೆ ಅದು ದಕ್ಕಲಿಲ್ಲ.

ಆದ್ದರಿಂದ ಬಡವರ ಮನೆಗೆ ನಲ್ಲಿಯನ್ನೂ ಮೀಟರನ್ನೂ ಸರಕಾರವೇ ತನ್ನ ಖರ್ಚಿನಲ್ಲಿ ಅಳವಡಿಸಲಿ. ಜೀವನಾವಶ್ಯಕ ಪ್ರಮಾಣದ ನೀರು ಉಚಿತವಾಗಿರಲಿ. ದಂಡ ಬೀಳಬೇಕಾದುದು ಪೋಲಿಗೇ ಹೊರತು ಬಾಯಾರಿಕೆಗಲ್ಲ.